ಐದನೆಯ ಯಾಕೆ

ಶೆಟ್ಟರ ಹೋಟೆಲಿನಲ್ಲಿ ಏನನ್ನೂ ತಿನ್ನಬಾರದೆಂದು ಕೇದಾರ ಬಸ್ಸಿನಲ್ಲೇ ನಿರ್ಧರಿಸಿದ್ದ. ನೀರನ್ನೂ ಮುಟ್ಟಬಾರದು. ನಿಂತೇ ಮಾತಾಡಬೇಕು, ಕೂತರೆ ಗಿರಾಕಿಯಾಗಿಬಿಡುತ್ತೇನೆ, ಗಿರಾಕಿಯ ಸಿಟ್ಟಿಗೆ ಹೋಟೆಲಿನವರು ಬಿಸಿ ಚಹಾ ತಂದಿಟ್ಟು ಮುಗಿಸಿಬಿಡುತ್ತಾರೆ. ಭೋಸರಿಯಿಂದ ಶಿವಾಜಿನಗರದವರೆಗಿನ ಐವತ್ತು ನಿಮಿಷದಲ್ಲಿ ಅವನು ಆಡಬೇಕಾದದ್ದನ್ನು ಮೂರು ವಾಕ್ಯಕ್ಕೆ ಇಳಿಸಿದ್ದ. ಒಂದು, ಚಿನ್ನುವಿನ ತಾಯಿಯನ್ನು ಕೆಲಸಕ್ಕೆ ವಾಪಸು ಕರೆಯಬೇಕು. ಎರಡು, ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿ ಆಡಿದ ಮಾತನ್ನು ಹಿಡಿದು ಅವಳ ತಾಯಿಯ ಅನ್ನ ಕಸಿಯುವುದು ಹೇಸಿಗೆಯ ಕೆಲಸ. ಮೂರು, ಅಂಥವರು ಕನ್ನಡ ಶಾಲೆಯ ಆಡಳಿತ ಮಂಡಳಿಯಲ್ಲಿ ಕೂರಲು ಯೋಗ್ಯರಲ್ಲ. ಮೂರನೆಯದನ್ನು ಕಾಸಾರವಾಡಿ ದಾಟುವಾಗ ತೆಗೆದುಹಾಕಿದ್ದ, ದಾಪೋಡಿಯ ಸೇತುವೆಯ ಮೇಲೆ ಮತ್ತೆ ಸೇರಿಸಿದ್ದ. ಅಂದು ಗುರುವಾರ. ಚಾಕಣದಲ್ಲಿ ಅವನು ಗುಣಮಟ್ಟ ಪರೀಕ್ಷಕನಾಗಿದ್ದ ಬಿಡಿಭಾಗಗಳ ಕಾರ್ಖಾನೆಗೆ ಗುರುವಾರವೇ ವಾರದ ರಜೆ. ಜೂನ್ ತಿಂಗಳಿನಿಂದ ಆ ರಜೆಯ ಒಂದು ತಾಸನ್ನು ಅವನು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಕತೆ ಓದಿಹೇಳುವುದಕ್ಕೆ ಕೊಟ್ಟಿದ್ದ. ಕೊಟ್ಟಿದ್ದೇನೆ ಎಂಬ ಮಾತನ್ನು ಅವನು ಯಾರ ಮುಂದೂ ಆಡಿದವನಲ್ಲ, ಆದರೆ ಮನಸ್ಸಿನಲ್ಲಿ ಅದು ಯಾವಾಗಲೂ ಅದೇ ಕ್ರಿಯಾಪದದಲ್ಲಿರುತ್ತಿತ್ತು. ಕೊಟ್ಟವನಿಗೆ ಪ್ರತಿಯಾಗಿ ಸಿಕ್ಕಿದ್ದೇನು? ಮೊಬೈಲಿನಲ್ಲಿ ಮುಖ್ಯಾಧ್ಯಾಪಕಿ ಪ್ರೇಮಾವತಿಯವರ ಸಂದೇಶ: ಚಿನ್ನುವಿನ ತಾಯಿಯ ಕೆಲಸ ಹೋಗಿದೆ, ಇನ್ನು ಮುಂದೆ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಬೇಕು, ಉತ್ತರ ಸಹಿತ.

ಎರಡು ವಾರದ ಹಿಂದಿನ ಆ ಗುರುವಾರ ಎಲ್ಲವೂ ಎಷ್ಟು ಸರಿಯಾಗಿತ್ತು. ಪುಸ್ತಕದ ಪುಟಗಳ ನಡುವೆ ಏಳು ಹಳದಿ ಚೀಟಿಗಳು, ಪ್ರತಿ ಚೀಟಿಯ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಪ್ರಶ್ನೆ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಕೇಳಬಾರದು. ಕೇಳಿದ ಮೇಲೆ ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾಯಬೇಕು. ಮೊದಲ ಉತ್ತರಕ್ಕೆ ತೃಪ್ತನಾಗಬಾರದು. ಇವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ತಾನೇ ಓದಿ ಹೊಂದಿಸಿಕೊಂಡಿದ್ದ. ಹಿಂದಿನ ಬೆಂಚುಗಳಲ್ಲಿ ಆಡಳಿತ ಮಂಡಳಿಯ ಮೂವರು ಮಕ್ಕಳ ಅಳತೆಯ ಆಸನಗಳಲ್ಲಿ ಮೊಣಕಾಲು ಎದೆಗೆ ತಾಗಿಸಿ ಕೂತಿದ್ದರು. ನಡುವಿನವರು ಹರಿಶ್ಚಂದ್ರ ಶೆಟ್ಟರು. ಬಾಗಿಲ ಬಳಿ ಪ್ರೇಮಾವತಿಯವರು. ಕತೆ ಒಂದು ಗುಬ್ಬಿಯದು: ದಿನವೂ ಸಂಜೆ ಕಣಜದಿಂದ ಗೂಡಿಗೆ ಬರುವ ತಾಯಿಗುಬ್ಬಿ ನೇರ ದಾರಿಯನ್ನು ಬಿಟ್ಟು ಗುಡ್ಡದ ಹಿಂದಿನಿಂದ ಸುತ್ತಿ ಬರುತ್ತದೆ. ಅವನು ಪುಟದ ಮೇಲೆ ಅಂಗೈಯಿಟ್ಟು ನಿಲ್ಲಿಸಿ, ಗುಬ್ಬಿ ಸುತ್ತುದಾರಿ ಯಾಕೆ ಹಿಡಿಯಿತು ಎಂದು ಕೇಳಿದ. ಹೂ ನೋಡಲಿಕ್ಕೆ ಎಂದ ಒಬ್ಬ. ವ್ಯಾಯಾಮಕ್ಕೆ ಎಂದ ಇನ್ನೊಬ್ಬ, ಎಲ್ಲರೂ ನಕ್ಕರು. ಆಗ ಮೂರನೆಯ ಸಾಲಿನಿಂದ, ಅಲ್ಲಿಯವರೆಗೆ ಒಂದು ದಿನವೂ ಕೈಯೆತ್ತಿರದ ಚಿನ್ನು ಎದ್ದು ನಿಂತಳು.

"ಯಾರೂ ನೋಡಬಾರದಂತ್ರಿ, ಸರ್."

ಅವನಿಗೆ ಮೈ ಜುಮ್ಮೆಂದಿತ್ತು. ಇದು ಹೊಸ ಉತ್ತರ, ಪುಸ್ತಕದಲ್ಲಿಲ್ಲದ ಉತ್ತರ. ಕೈಯಲ್ಲಿದ್ದ ಪೆನ್ನಿನಿಂದ ಪುಸ್ತಕದ ಬೆನ್ನಿಗೆ ಟಕ್ಕೆಂದು ಬಡಿದು, "ಯಾಕೆ ನೋಡಬಾರದು?" ಎಂದ. "ಕೊಕ್ಕಿನ್ಯಾಗ ಏನೋ ಬಚ್ಚಿಟ್ಕೊಂಡದರಿ." ಟಕ್. "ಯಾಕೆ ಬಚ್ಚಿಡಬೇಕು?" "ಕೇಳದ ತಂದದ್ದರಿ." ಟಕ್. ಅಷ್ಟರಲ್ಲಿ ಬಾಗಿಲ ಬಳಿ ಪ್ರೇಮಾವತಿಯವರ ತಲೆ ಅಡ್ಡಡ್ಡ ಅಲ್ಲಾಡಿತ್ತು. "ಯಾಕೆ ಕೇಳಲಿಲ್ಲ?" "ಕೇಳಿದ್ರ ಇಲ್ಲ ಅಂತಾರ್ರಿ. ಉಳದದ್ದು ಡಬ್ಬ್ಯಾಗ ಸುರೀತಾರ, ಕೊಡಂಗಿಲ್ಲ." ಟಕ್. ಹಿಂದೆ ಯಾರೋ ಬೆಂಚನ್ನು ಸರಿಸಿದ ಸದ್ದು. ಅವನು ಕೇಳಿಸಿಕೊಂಡಿದ್ದ, ನಿಲ್ಲಬಹುದಾಗಿತ್ತು. "ಯಾಕೆ ಹಾಗನ್ನಿಸಿತು ನಿನಗೆ?" ಚಿನ್ನುವಿನ ಮುಖದಲ್ಲಿ ಸಂಕೋಚವಿರಲಿಲ್ಲ, ಸರಿಯುತ್ತರ ಗೊತ್ತಿರುವ ಮಗುವಿನ ಹೊಳಪಿತ್ತು. "ನಮ್ಮವ್ವ ಹಂಗ ತರ್ತಾಳ್ರಿ, ಶೆಟ್ಟರ ಹೋಟೆಲ್ನಿಂದ. ಇಡ್ಲಿ. ಹಿತ್ತಲ ಬಾಗಲಿಂದ." ಐದು. ಕೋಣೆ ನಿಶ್ಶಬ್ದವಾಗಿತ್ತು, ಆ ನಿಶ್ಶಬ್ದವನ್ನು ಅವನು ತನಗೆ ಸಂದ ಮೆಚ್ಚುಗೆಯೆಂದು ತಿಳಿದಿದ್ದ. ಶಾಭಾಸ್ ಎಂದು ಅವಳನ್ನು ಕೂರಿಸಿ ಪುಟ ತಿರುಗಿಸಿ ಓದಿದ್ದ: ಏಕೆಂದರೆ ನೇರ ದಾರಿಯಲ್ಲಿ ಗಿಡುಗ ಕೂತಿತ್ತು.

ಕಾರ್ಖಾನೆಯಲ್ಲಿ ಯಾವುದೇ ಭಾಗ ಕೆಟ್ಟು ಬಂದರೂ ಐದು ಸಲ ಯಾಕೆ ಎಂದು ಕೇಳುವುದು ಪದ್ಧತಿ. ಮೊದಲ ಉತ್ತರ ಯಾವಾಗಲೂ ನೆಪ, ಎರಡನೆಯದು ಯಾರದೋ ಮೇಲಿನ ದೂರು, ಮೂರರಲ್ಲಿ ಯಂತ್ರ ಬರುತ್ತದೆ, ನಾಲ್ಕರಲ್ಲಿ ಮನುಷ್ಯ, ಐದರಲ್ಲಿ ಮೂಲ ಕಾರಣ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವನ ಮೇಲಿನವನಾದ ಅಮೇಯ ಮರಾಠಿಯಲ್ಲಿ "ಕಾ? ಪುನ್ಹಾ ಕಾ?" ಯಾಕೆ, ಮತ್ತೆ ಯಾಕೆ ಎಂದು ಕೇಳುತ್ತ ಒಬ್ಬ ನಡುವಯಸ್ಸಿನ ಕಾರ್ಮಿಕನನ್ನು ಅವನ ಹೊಸ ಕನ್ನಡಕದವರೆಗೆ, ಅದನ್ನು ಅವನು ಯಾಕೆ ಹಾಕಿಕೊಳ್ಳುತ್ತಿಲ್ಲ ಎಂಬಲ್ಲಿಯವರೆಗೆ ಇಳಿಸಿದ್ದನ್ನು ಕೇದಾರ ಮೆಚ್ಚುಗೆಯಿಂದ ನೋಡಿದ್ದ. ಆ ಕಾರ್ಮಿಕ ಎಲ್ಲರೆದುರು ಕನ್ನಡಕವನ್ನು ಜೇಬಿನಿಂದ ತೆಗೆದು ಹಾಕಿಕೊಂಡ ರೀತಿ ಈಗ, ಖಡಕಿಯ ಸಿಗ್ನಲಿನಲ್ಲಿ ಬಸ್ಸು ನಿಂತಾಗ, ಕರೆಯದೆ ನೆನಪಾಯಿತು. ಆಗ ಅದರಲ್ಲಿ ಅವನಿಗೆ ಕಂಡದ್ದು ಪದ್ಧತಿಯ ಸೊಗಸು ಮಾತ್ರ. ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಸಿಕ್ಕದ ಒಂದು ಸುಖ ಅದು: ಮನುಷ್ಯರ ಗೊಂದಲವೂ ಕೇಳಬೇಕಾದಷ್ಟು ಸಲ ಕೇಳಿದರೆ ಒಂದು ಗೆರೆಯಾಗಿ ಸಪಾಟಾಗುತ್ತದೆ.

ಹೋಟೆಲಿನಲ್ಲಿ ಬೆಳಗಿನ ಗದ್ದಲ ಇಳಿದಿತ್ತು. ದುಡ್ಡಿನ ಗಲ್ಲೆಯ ಹಿಂದಿನಿಂದ ಶೆಟ್ಟರು ಅವನನ್ನು ನೋಡಿದ ಕೂಡಲೇ ಎದ್ದು ನಿಂತರು. ಎದ್ದು ನಿಲ್ಲುತ್ತಾರೆಂದು ಅವನು ಎಣಿಸಿರಲಿಲ್ಲ.

"ಬನ್ನಿ ಮಾಸ್ಟ್ರೆ, ಬನ್ನಿ. ನಿಂತದ್ದು ಎಂತಕ್ಕೆ? ಕೂತ್ಕೊಳ್ಳಿ ಮಾರಾಯ್ರೆ. ಏ, ಎರಡು ಇಡ್ಲಿ ತಾ ಇಲ್ಲಿ. ಚಟ್ನಿ ಈಗ ಕಡೆದದ್ದು ಹಾಕು."

"ನಾನು ತಿನ್ಲಿಕ್ಕೆ ಬಂದಿಲ್ಲರಿ."

"ತಿನ್ನದವರು ಹೋಟೆಲಿಗೆ ಬಂದ್ರೆ ನಾನು ಹೆದರ್ಬೇಕಾಗ್ತದೆ. ಇನ್ಕಮ್ ಟ್ಯಾಕ್ಸಿನವರಾ ನೀವು?" ಶೆಟ್ಟರು ತಮ್ಮ ಮಾತಿಗೆ ತಾವೇ ನಕ್ಕು ಎದುರಿನ ಕುರ್ಚಿಯನ್ನು ಎಳೆದು ಕೂತರು. ಹಿರಿಯರೊಬ್ಬರು ಕೂತ ಮೇಲೆ ಅವನು ನಿಂತೇ ಇರುವುದು ಸಾಧ್ಯವಾಗಲಿಲ್ಲ. ಮೂರು ವಾಕ್ಯಗಳಲ್ಲಿ ಮೊದಲನೆಯದು ಕೂತ ಭಂಗಿಯಿಂದ ಹೊರಟಾಗ ಬೇಡಿಕೆಯ ಬದಲು ವಿನಂತಿಯಂತೆ ಕೇಳಿಸಿತು.

"ಕೆಲಸದಿಂದ ಬಿಡಿಸಿದ್ದು ಯಾರು? ನಾನಲ್ಲ," ಎಂದರು ಶೆಟ್ಟರು. "ಹಿಂದಿನ ಬಾಗ್ಲಲ್ಲಿ ಚೀಲ ನೋಡ್ಲಿಕ್ಕೆ ಒಬ್ಬನ್ನ ನಿಲ್ಲಿಸಿದೆ. ಎಲ್ಲರದ್ದೂ ನೋಡುದು, ಅವಳೊಬ್ಬಳದ್ದಲ್ಲ. ಮೊದಲನೇ ದಿವಸ ಅವಳದ್ದೂ ನೋಡಿದ್ರು. ಚೀಲದಲ್ಲಿ ಏನೂ ಇರ್ಲಿಲ್ಲ. ಒಂದು ಬಾಚಣಿಗೆ, ಒಂದು ಟವೆಲು. ಮರುದಿವಸ ಅವಳು ಬರ್ಲಿಲ್ಲ."

"ಹಂಗಾರ ಚೀಲ ನೋಡಿಸೋದು ಯಾಕ ಬೇಕಿತ್ತರಿ?"

"ಇದು ಎಷ್ಟನೇದು? ಆ ದಿವಸ ನಾನು ಲೆಕ್ಕ ಹಿಡಿದಿದ್ದೆ ಮಾಸ್ಟ್ರೆ. ಐದು ಸಲ ಕೇಳಿದ್ರಿ ನೀವು." ಇಡ್ಲಿಯ ತಟ್ಟೆ ಬಂತು. ಶೆಟ್ಟರು ಅದನ್ನು ಬೆರಳ ತುದಿಯಿಂದ ಅವನತ್ತ ತಳ್ಳಿದರು. "ಹಿಂದಿನ ಬಾಗ್ಲಿನ ಸಂಗತಿ ನಂಗೆ ಗೊತ್ತಿರ್ಲಿಲ್ಲ ಅಂತ ಎಣಿಸಿದ್ರಾ? ಇಪ್ಪತ್ತೆರಡು ವರ್ಷ ಆಯ್ತು ಈ ಗಲ್ಲೆಯಲ್ಲಿ ಕೂತು. ಯಾರು ಏನು ತಕ್ಕೊಂಡು ಹೋಗ್ತಾರೆ, ಯಾವ ಸೆರಗಲ್ಲಿ ಎಷ್ಟು ಹಿಡೀತದೆ, ಎಲ್ಲ ಗೊತ್ತುಂಟು. ಮಧ್ಯಾಹ್ನ ಮೂರಕ್ಕೆ ನಾನು ಆ ಕಡೆ ಹೋಗುದೇ ಇಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರ್ಲಿಕ್ಕೆ ಆಗ್ತಿತ್ತು. ನನ್ನ ಎಡಕ್ಕೊಬ್ರು ಬಲಕ್ಕೊಬ್ರು ಕೂತಿರುವಾಗ, ನಲ್ವತ್ತು ಮಕ್ಕಳ ಎದುರು, ನೀವು ಅದನ್ನು ಬಾಯಿಬಿಡಿಸಿದ ಮೇಲೆ ಗೊತ್ತಿಲ್ಲದ ಹಾಗೆ ಇರುದು ಹೇಗೆ? ಹೇಳಿ. ಮೆಟ್ಟಿಲಿಳಿಯುವ ಮೊದಲೇ ಅವರು ಕೇಳಿದ್ರು, ಶೆಟ್ರೆ, ನಿಮ್ಮಲ್ಲಿ ಹೀಗುಂಟಾ ಅಂತ."

ಎರಡನೆಯ ವಾಕ್ಯ ಅವನ ನಾಲಗೆಯ ಮೇಲಿತ್ತು. ಹೇಸಿಗೆ ಎಂಬ ಪದವನ್ನು ಬಸ್ಸಿನಲ್ಲಿ ಎಷ್ಟು ಆರಿಸಿ ಇಟ್ಟುಕೊಂಡಿದ್ದ. ಅದು ಈಗ ಯಾವ ದಿಕ್ಕಿಗೆ ಹೊರಡುತ್ತದೆಂದು ಖಾತ್ರಿಯಿರಲಿಲ್ಲ. ಎದುರಿನ ಮನುಷ್ಯ ತಾನು ಎಣಿಸಿದಷ್ಟು ಸಣ್ಣ ಮನಸ್ಸಿನವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಸಿಟ್ಟು ಬಂತು. ನಿನಗೆ ಗೊತ್ತಿದ್ದರೆ ದಿನಾ ಎರಡು ಇಡ್ಲಿ ಕೈಯೆತ್ತಿ ಕೊಡಬಹುದಿತ್ತಲ್ಲ, ಯಾಕೆ ಕಳ್ಳಿಯಂತೆ ತರಬೇಕಾಗಿತ್ತು ಅವಳು? ಈ ಮಾತು ಹೊಳೆಯಿತು, ಹೇಳಬೇಕಾದ ಮಾತೂ ಆಗಿತ್ತು. ಹೇಳಲು ಬಾಯಿ ತೆರೆದಾಗ ಬಾಯಿ ತುಂಬಿದೆಯೆಂದು ತಿಳಿಯಿತು. ತಟ್ಟೆಯಲ್ಲಿ ಅರ್ಧ ಇಡ್ಲಿ ಉಳಿದಿತ್ತು. ಯಾವಾಗ ಕೈ ಹಾಕಿದನೆಂಬುದೇ ಅವನಿಗೆ ನೆನಪಿರಲಿಲ್ಲ.

"ಬರ್ತೇನೆ ಅಂದ್ರೆ ನಾನು ಬೇಡ ಅನ್ನುದಿಲ್ಲ," ಶೆಟ್ಟರು ಏಳುತ್ತ ಹೇಳಿದರು. "ಆದ್ರೆ ಅವಳು ಬರುದಿಲ್ಲ. ಮರ್ಯಾದೆ ಇದ್ದವಳು. ಬೇಕಾದ್ರೆ ನೀವೇ ಕೇಳಿ ನೋಡಿ. ಕೇಳ್ಲಿಕ್ಕೆ ನಿಮಗೆ ಒಳ್ಳೇದು ಬರ್ತದಲ್ಲ."

ರಸ್ತೆಗೆ ಬಂದಾಗ ಮೇಲೆ ಮೆಟ್ರೊ ಹೋಗುತ್ತಿತ್ತು, ಕೆಳಗೆ ರಿಕ್ಷಾಗಳು ಒಂದರ ಮೇಲೊಂದು ಒದರುತ್ತಿದ್ದವು. ಅವನು ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಚಟ್ನಿಯ ವಾಸನೆ ಹೋಗಲಿಲ್ಲ. ಹಿಂದಿನ ಓಣಿಯ ತಿರುವಿನಲ್ಲಿ ಹೋಟೆಲಿನ ಹಿತ್ತಲ ಬಾಗಿಲು ಕಾಣುತ್ತಿತ್ತು. ಅಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಮಡಚಿದ ಮರಾಠಿ ಪೇಪರು, ಚೀಲ ನೋಡಲು ಕೂತವನು ಎಲ್ಲೋ ಎದ್ದುಹೋಗಿದ್ದ. ಅಷ್ಟೇ. ಒಂದು ಸ್ಟೂಲಿನಿಂದ ಎಷ್ಟೆಲ್ಲ ಆಗಿಹೋಗಿತ್ತು. ಆ ಬಾಗಿಲ ಚೌಕಟ್ಟಿನ ಅಗಲ ಮೂರಡಿಗಿಂತ ಕಡಿಮೆಯಿದ್ದೀತು ಎಂದು ಅಂದಾಜು ಮಾಡಿದ ತನ್ನ ಕಣ್ಣಿನ ಮೇಲೂ ಅವನಿಗೆ ಸಿಟ್ಟು ಬಂತು. ಸಿಟ್ಟಿಗೆ ಬೇರೆ ವಿಳಾಸ ಬೇಕಾಗಿತ್ತು. ಶಾಲೆ ಅಲ್ಲಿಂದ ಆರು ನಿಮಿಷದ ದಾರಿ.

ಪ್ರೇಮಾವತಿಯವರ ಮೇಜಿನ ಮೇಲೆ, ಇಂದು ಓದಬೇಕಾಗಿದ್ದ ಎಮ್ಮೆಯ ಕತೆಗೆ ಅವನು ನಿನ್ನೆ ಕಳಿಸಿದ್ದ ಪ್ರಶ್ನೆಗಳ ಹಾಳೆ, ಮುದ್ರಿಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿ ಇಡಲಾಗಿತ್ತು. ಎಂಟು ಪ್ರಶ್ನೆಗಳಲ್ಲಿ ಆರಕ್ಕೆ ಅಡ್ಡಗೆರೆ. ಎಮ್ಮೆ ಕೆರೆಯಿಂದ ಯಾಕೆ ಏಳಲಿಲ್ಲ ಎಂಬುದರ ಜಾಗದಲ್ಲಿ ಎಮ್ಮೆಯ ಹೆಸರೇನು ಎಂದಿತ್ತು. ಯಜಮಾನನಿಗೆ ಏನನ್ನಿಸಿರಬಹುದು ಎಂಬುದರ ಜಾಗದಲ್ಲಿ ಯಜಮಾನನ ಕೈಯಲ್ಲಿ ಏನಿತ್ತು. ಶಾಲೆಯಲ್ಲಿ ಓದುವಾಗ ಕೂಡ ಅವನ ಹಾಳೆಯ ಮೇಲೆ ಇಷ್ಟು ಕೆಂಪು ಬಿದ್ದಿರಲಿಲ್ಲ.

"ಇವು ಪ್ರಶ್ನೆ ಅಲ್ಲರಿ ಮ್ಯಾಡಮ್. ಹಾಜರಿ."

"ಹಾಜರಿನ ಇರಲಿ. ಹಾಜರಿ ತಗೊಂಡ್ರ ಯಾರ ಅವ್ವನ ಕೆಲಸಾನೂ ಹೋಗಂಗಿಲ್ಲ." ಅವರು ತಲೆಯೆತ್ತದೆ ಇನ್ನಾವುದೋ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಐವತ್ತೈದು ದಾಟಿದ ಹೆಂಗಸು, ಹುಬ್ಬಳ್ಳಿಯ ಕಡೆಯವರು, ಮೂವತ್ತು ವರ್ಷದಿಂದ ಈ ಮೂರು ಮಹಡಿಗಳನ್ನು ಹತ್ತಿಳಿದು ಮಂಡಿ ಸವೆಸಿಕೊಂಡವರು.

"ಆ ದಿವ್ಸ ನೀವು ತಡೀಬೇಕಿತ್ತು," ಎಂದ ಅವನು. ದನಿ ಏರಿತ್ತು. "ನನಗ ಏನ್ ಗೊತ್ತರಿ ಅಕಿ ತಾಯಿ ಎಲ್ಲಿ ಕೆಲಸ ಮಾಡ್ತಾಳಂತ? ನಿಮಗ ಗೊತ್ತಿತ್ತು. ಶೆಟ್ಟರು ಕೂತಾರ ಅಂತನೂ ಗೊತ್ತಿತ್ತು. ನೀವು ಸುಮ್ನ ನಿಂತ್ರಿ."

"ಮೂರನೇ ಸಲ ಕೇಳಿದಾಗ ನಾನು ತಲಿ ಅಲ್ಲಾಡಿಸಿದೆ. ನೀವು ನನ್ನ ನೋಡಿದ್ರಿ." ಪೆನ್ನಿನ ಟೋಪಿ ಹಾಕಿ ಅವರು ಈಗ ನೇರ ನೋಡಿದರು. "ನೋಡಿದ್ರೋ ಇಲ್ಲೋ?"

ಬಾಗಿಲ ಬಳಿಯ ಆ ತಲೆ, ಅದರ ನರೆತ ಬೈತಲೆ, ಎಡಕ್ಕೆ ಬಲಕ್ಕೆ ಮತ್ತೆ ಎಡಕ್ಕೆ. ನೋಡಿದ್ದ. ಹಳೆಯ ಕಾಲದವರು, ಮಕ್ಕಳು ವಿಚಾರ ಮಾಡುವುದನ್ನು ಸಹಿಸಲಾರರು ಎಂದು ಒಂದು ಕ್ಷಣದಲ್ಲಿ ತೀರ್ಪು ಕೊಟ್ಟು ನಾಲ್ಕನೆಯದಕ್ಕೆ ಹೋಗಿದ್ದ. ಅವನು ಹಾಳೆಯ ಅಂಚನ್ನು ಮೇಜಿನ ಅಂಚಿಗೆ ಸಮನಾಗಿ ಸರಿಸಿದ.

"ಹೋದ ರವಿವಾರ ಚಿನ್ನು ಅವ್ವನ್ನ ನೋಡ್ಲಿಕ್ಕೆ ಕೊಂಢವಾಕ್ಕ ಹೋಗಿದ್ದೆ," ಪ್ರೇಮಾವತಿಯವರು ಹೇಳಿದರು. "ಎರಡು ಬಸ್ ಬದಲಿಸಿ. ಕಟ್ಟತಿರೋ ಬಿಲ್ಡಿಂಗಿನ್ಯಾಗ ಕೆಳಗ ಇರ್ತಾರ, ಮ್ಯಾಲ ಈಗ ಅಕಿನೂ ಸಿಮೆಂಟ್ ಹೊರ್ತಾಳ. ನಾ ಹೋದ್ರ ಕೂಡ್ಲಿಕ್ಕೆ ಚೀಲ ಝಾಡಿಸಿ ಹಾಸಿದ್ಲು. ಒಂದು ಮಾತು ಬೈಲಿಲ್ಲರಿ, ನನಗ ಅದ ತಡಕೊಳ್ಳಿಕ್ಕೆ ಆಗಲಿಲ್ಲ. ಹುಡುಗಿನ್ನ ಊರಿಗೆ ಅಜ್ಜಿ ಹತ್ರ ಕಳಸ್ತೀನಿ, ಸಾಲಿ ಸಾಕು ಅಂದ್ಲು. ತಾಸುಗಟ್ಟಲೆ ಕೂತು ಒಪ್ಪಿಸಿ ಬಂದೀನಿ. ಒಂದ ಮಾತಿನ ಮ್ಯಾಲ: ಅಕಿ ಮಗಳನ್ನ ಇಲ್ಲಿ ಯಾರೂ ಏನೂ ಕೇಳಬಾರದು. ಇನ್ನೊಮ್ಮೆ ಏನರ ಕೇಳಿದ್ರು ಅಂದ್ರ ಮರುದಿನ ಯಾದಗಿರಿ ಬಸ್ ಹತ್ತಸ್ತಾಳಂತ. ಇವತ್ತ ಬಂದದ ಹುಡುಗಿ. ತಿಳೀತೇನ್ರಿ?"

ಅವನು ತಲೆಯಾಡಿಸಿದ.

"ನೀವು ಹೋಗಿದ್ರೇನು?"

"ನನ್ನ ಹತ್ರ ವಿಳಾಸ ಇರಲಿಲ್ಲ."

"ದಾಖಲಾತಿ ಪುಸ್ತಕದಾಗ ಅದ. ಕೇಳಿದ್ರ ಕೊಡ್ತಿದ್ದೆ." ಅವರು ಕೆಂಪು ಗೆರೆಗಳ ಹಾಳೆಯನ್ನು ಅವನ ಕೈಗಿತ್ತರು. "ಅಷ್ಟೆಲ್ಲಾ ಕೇಳ್ತೀರಿ. ಅದೊಂದು ಕೇಳಲಿಲ್ಲ ನೋಡ್ರಿ."

ಹೊರಬಂದವನು ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದ. ಎಣಿಸಿದರೆ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ನಲವತ್ತೊಂದಕ್ಕೆ ನಿಂತ. ಸಣ್ಣ ಬಿಡುವಿನ ಸಮಯ. ಮೇಲಿನ ವರಾಂಡದಲ್ಲಿ ನಾಲ್ಕನೇ ಇಯತ್ತೆಯ ಹತ್ತು ಹನ್ನೆರಡು ಮಕ್ಕಳು ಕೈಕೈ ಹಿಡಿದು ದುಂಡಗೆ ನಿಂತಿದ್ದರು. ನಡುವೆ ಒಂದು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ತಲೆ, ಬಗ್ಗಿತ್ತು. ಹೊರಗೆ ನಿಂತಿದ್ದ ಮಾಂತು ಎಂಬ ಹುಡುಗ, ಕತೆಗೆ ಯಾವಾಗಲೂ ಮೊದಲ ಬೆಂಚಿನಲ್ಲಿ ಕೂರುವವನು, ಒಂದು ಪೆನ್ಸಿಲನ್ನು ಕಂಪಾಸ್ ಪೆಟ್ಟಿಗೆಯ ಮೇಲೆ ಬಡಿದ. ಟಕ್. "ಯಾಕ?" ಎಂದರು ಎಲ್ಲರೂ. ಟಕ್. "ಯಾಕ?" ಪ್ರತಿ ಬಡಿತಕ್ಕೂ ಮಾಂತು ಗಲ್ಲವನ್ನು ಸ್ವಲ್ಪ ಮೇಲೆತ್ತಿ, ಹುಬ್ಬು ಗಂಟಿಕ್ಕಿ, ಬಹಳ ಗಂಭೀರವಾಗಿ ಕಾಯುತ್ತಿದ್ದ, ಮನಸ್ಸಿನಲ್ಲಿ ಐದು ಎಣಿಸುವವನ ಹಾಗೆ. ಟಕ್, ಟಕ್. ಐದನೆಯದಕ್ಕೆ ಎಲ್ಲರೂ ಒಟ್ಟಿಗೆ, "ಹಿತ್ತಲ ಬಾಗಲಾ!" ಎಂದು ಕಿರುಚಿ ಕೈ ಬಿಟ್ಟು ಚದುರಿ ಓಡಿದರು. ನಡುವಿನ ತಲೆ ಬಗ್ಗಿಕೊಂಡೇ ಇತ್ತು. ಚಿನ್ನು ಅಳುತ್ತಿರಲಿಲ್ಲ. ಆಟ ಮುಗಿಯಿತೆಂದು ಖಾತ್ರಿಯಾಗುವವರೆಗೆ ಕಾದು, ಲಂಗವನ್ನು ಸರಿಮಾಡಿಕೊಂಡು ತರಗತಿಯೊಳಗೆ ಹೋದಳು. ಕೇದಾರನಿಗೆ ಮಾಂತುವಿನ ಕಿವಿ ಹಿಡಿದು ಗೋಡೆಗೆ ಒತ್ತಬೇಕೆನ್ನಿಸಿತು. ಅಂಗೈ ನಿಜವಾಗಿ ಬಿಸಿಯಾಗಿತ್ತು. ಆದರೆ ಆ ಗಲ್ಲ, ಆ ಹುಬ್ಬು, ಆ ಟಕ್ ಎನ್ನುವುದರ ಅಳತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಹೊಡೆಯಲು ಕೈಯೆತ್ತಿದರೆ ಕನ್ನಡಿಗೆ ಎತ್ತಿದ ಹಾಗಾಗುತ್ತಿತ್ತು. ಶಾಲೆಯ ಸಿಪಾಯಿ ಪಂಢರಿನಾಥ ಗಂಟೆ ಬಾರಿಸುತ್ತ, "ಚಲಾ ಸರ್, ತಾಸ ಸುರೂ ಝಾಲಾ," ಎಂದು, ಪಾಠ ಶುರುವಾದದ್ದನ್ನು ನೆನಪಿಸಿ, ಪಕ್ಕದಿಂದ ಹಾದುಹೋದ.

ಎಮ್ಮೆಯ ಕತೆ ಹದಿನಾರು ಪುಟದ್ದು. ಅವನು ಓದಿದ. ದನಿ ಯಂತ್ರದಂತೆ ಸಾಗುತ್ತಿತ್ತು, ಎಲ್ಲಿ ಏರಬೇಕೋ ಅಲ್ಲಿ ಏರುತ್ತಿತ್ತು. ಎಮ್ಮೆಯ ಹೆಸರೇನು? ಗಂಗವ್ವಾ ಎಂದು ನಲವತ್ತು ಬಾಯಿ. ಕೆರೆ ಎಲ್ಲಿತ್ತು? ಊರ ಹಿಂದ. ಯಜಮಾನನ ಕೈಯಲ್ಲಿ ಏನಿತ್ತು? ಬಾರಕೋಲ. ನಲವತ್ತಲ್ಲ, ಮೂವತ್ತೊಂಬತ್ತು ಬಾಯಿ, ಚಿನ್ನು ಈಗ ಕೊನೆಯ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದಳು, ತುಟಿ ಅಲ್ಲಾಡುತ್ತಿರಲಿಲ್ಲ. ಅವಳತ್ತ ನೋಡುವುದೂ ಒಂದು ಪ್ರಶ್ನೆಯಾದೀತೆಂದು ಅವನು ನೋಟವನ್ನು ಪುಟದ ಅಂಚಿನಲ್ಲೇ ಇಟ್ಟುಕೊಂಡಿದ್ದ. ಕ್ಷಮೆ ಕೇಳುವುದೇ? ಅದನ್ನೂ ಎಲ್ಲರೆದುರು ಕೇಳಬೇಕಾಗುತ್ತದೆ, ಎಲ್ಲರೂ ತಿರುಗಿ ಮತ್ತೆ ಅವಳನ್ನೇ ನೋಡುತ್ತಾರೆ. ಹನ್ನೊಂದನೆಯ ಪುಟದಲ್ಲಿ ಹೊತ್ತು ಮುಳುಗುತ್ತದೆ, ಯಜಮಾನ ದಡದ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಾನೆ, ಎಮ್ಮೆ ನೀರಿನಿಂದ ಏಳುವುದಿಲ್ಲ. ಇಲ್ಲಿ ಅವನು ಬರೆದಿದ್ದ ಪ್ರಶ್ನೆ ಇತ್ತು, ಅದರ ಮೇಲೆ ಕೆಂಪು ಗೆರೆ ಇತ್ತು. ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತದ್ದೇ ತಪ್ಪಾಯಿತು. ಆ ನಿಲುಗಡೆಯ ರುಚಿ ಮಕ್ಕಳಿಗೆ ಗೊತ್ತಿತ್ತು. ಎಲ್ಲೋ ಬೆಂಚಿನ ಕೆಳಗೆ, ಟಕ್. ಯಾರೋ ಪಿಸುಗುಟ್ಟಿದರು: "ಯಾಕ?" ಇನ್ನೊಂದು ಟಕ್. ಇನ್ನೊಬ್ಬರು. ನಾಲ್ಕಾರು ತಲೆಗಳು ಕೊನೆಯ ಸಾಲಿನತ್ತ ತಿರುಗಿದವು, ಕಿಸಕ್ಕೆಂದವು.

ಪುಸ್ತಕ ಮೇಜಿಗೆ ಬಡಿದ ಸದ್ದು ಅವನಿಗೇ ಬೇರೆ ಯಾರೋ ಬಡಿದಂತೆ ಕೇಳಿಸಿತು. ಹಳದಿ ಚೀಟಿಗಳು ನೆಲಕ್ಕೆ ಉದುರಿದವು.

"ಅಕಿನ್ನ ಅಲ್ಲ!" ಎಂದು ಒದರಿದ. "ಈ ಕಡೆ ತಿರುಗ್ರಿ. ಎಲ್ಲಾರೂ. ಯಾಕ ಅಂತ ಕೇಳೋದದ ಅಲ್ಲ ನಿಮಗ? ನನ್ನ ಕೇಳ್ರಿ."

ಕೆಳಗೆ ಬಸ್ ನಿಲ್ದಾಣದ ಘೋಷಣೆ ಮರಾಠಿಯಲ್ಲಿ ಎರಡು ಸಲ ಬಂದು ಹೋಯಿತು.

"ಮಾಂತು, ಏಳು. ಕೇಳು."

ಮಾಂತು ಎದ್ದ. ಹೆದರಿದ್ದ, ಆದರೆ ಅಪ್ಪಣೆಯಾದದ್ದನ್ನು ಮಾಡದೆ ಇರುವುದು ಇನ್ನೂ ಹೆಚ್ಚಿನ ಅಪಾಯವೆಂದು ತಿಳಿದವನಂತೆ ನಿಂತ. "ಏನಂತ ಕೇಳ್ಲಿರಿ, ಸರ್?"

"ಯಾಕ ಅಂತ."

"ನೀವ್... ನೀವ್ ಯಾಕ ಸಿಟ್ಟಿಗೆ ಬಂದೀರ್ರಿ?"

"ನೀವು ಅಕಿನ್ನ ಕಾಡ್ತೀರಿ, ಅದಕ್ಕ."

ಮಾಂತು ಅತ್ತಿತ್ತ ನೋಡಿದ. ಪಕ್ಕದವನು ಮೊಣಕೈಯಿಂದ ತಿವಿದ. "ನಾವ್ ಆಡಿದ್ರ ನಿಮಗ್ಯಾಕ ಸಿಟ್ಟು ಬರಬೇಕ್ರಿ?"

"ಆ ಆಟ ನಾ ಕಲಿಸಿದ್ದು."

ಈಗ ಇನ್ನಾವುದೋ ಸಾಲಿನಿಂದ ಒಬ್ಬ ಹುಡುಗಿ, ಎದ್ದು ನಿಲ್ಲದೆಯೇ, ನಿಜವಾಗಿ ತಿಳಿದುಕೊಳ್ಳಲೆಂದು ಕೇಳಿದಳು: "ಯಾಕ ಕಲಿಸಿದ್ರಿ?"

"ನಮ್ಮ ಕಾರ್ಖಾನ್ಯಾಗ ಹಂಗ ಕೇಳ್ತೀವಿ. ಒಂದು ಸಾಮಾನು ಕೆಟ್ಟಿತ್ತಂದ್ರ, ಯಾಕ ಕೆಟ್ಟತು ಅಂತ ಐದು ಸಲ ಕೇಳ್ತೀವಿ."

"ಚಿನ್ನು ಏನ್ ಕೆಟ್ಟಿದ್ಲೇನ್ರಿ?" ಎಂದಳು ಆ ಹುಡುಗಿ. "ಮತ್ತ ಅಕಿಗ್ಯಾಕ ಕೇಳಿದ್ರಿ?"

ಇದು ನಾಲ್ಕು. ಪೆನ್ನು ಅವನ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಇಡಲು ಪ್ರಯತ್ನಿಸಿದ, ಅದು ಉರುಳಿ ಬಿತ್ತು. ನಾಲ್ಕರಲ್ಲಿ ಮನುಷ್ಯ ಬರುತ್ತಾನೆ. "ಇಲ್ಲ," ಎಂದ. "ಅಕಿ ಏನೂ ಕೆಟ್ಟಿರಲಿಲ್ಲ. ಅವತ್ತ ಹಿಂದ ದೊಡ್ಡವರು ಕೂತಿದ್ರು. ನಾ ಭಾಳ ಶಾಣ್ಯಾ ಅಂತ ಅವರಿಗೆ ಕಾಣಬೇಕಿತ್ತು." ಮಾತು ಮುಗಿದ ಮೇಲೂ ತುಟಿ ತೆರೆದೇ ಇತ್ತು. ಇನ್ನೊಂದು ಉಳಿದಿದೆ. ಅದರ ಉತ್ತರ ಅವನಿಗೆ ಗೊತ್ತಿತ್ತು: ಹಿಂದೆ ಯಾರೂ ಕೂತಿರದಿದ್ದರೂ ಕೇಳುತ್ತಿದ್ದೆ, ಆ ಮಗು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ ನನಗೆ ಸುಖವಾಗುತ್ತಿತ್ತು. ಕೇಳಲಿ. ಕೇಳಿದರೆ ಹೇಳಿಬಿಡುತ್ತೇನೆ. ಕೇಳಲೇಬೇಕು ಇವರು, ಬಿಡಬಾರದು ನನ್ನನ್ನು. ಮಕ್ಕಳಿಗೆ ಈಗ ಆಟದ ಲಯ ಸಿಕ್ಕಿತ್ತು, ಹೆದರಿಕೆ ಹೋಗಿತ್ತು, ಇಡೀ ತರಗತಿ ಒಟ್ಟಿಗೆ ಉಸಿರೆಳೆದುಕೊಂಡಿತು, ಮಾಂತುವಿನ ಪೆನ್ಸಿಲು ಪೆಟ್ಟಿಗೆಯ ಮೇಲೆ ಎದ್ದಿತ್ತು.

"ಸಾಕ್ರಲೇ."

ಕೊನೆಯ ಸಾಲು. ಚಿನ್ನು ಎದ್ದು ನಿಂತಿರಲಿಲ್ಲ. ಗೋಡೆಗೆ ಒರಗಿಕೊಂಡೇ, ಒಂದು ಕೈಯಿಂದ ಇನ್ನೊಂದು ಕೈಯ ಬಳೆಯನ್ನು ತಿರುವುತ್ತ, ಸ್ವಲ್ಪ ಬೇಸರದಿಂದ ಹೇಳಿದ್ದಳು. ಮಾಂತುವಿನ ಪೆನ್ಸಿಲು ಇಳಿಯಿತು. ಅವಳು ಕೇದಾರನತ್ತ ನೋಡಿದಳು, ಹದಿನೈದು ದಿನಗಳಲ್ಲಿ ಮೊದಲ ಸಲ.

"ಎಮ್ಮಿ ಏಳ್ತದೇನ್ರಿ, ಇಲ್ಲೇನ್ರಿ? ಅದನ್ನ ಓದ್ರಿ, ಸರ್."

ಅವನಿಗೆ ಬಂದ ಸಿಟ್ಟು ಆ ಬೆಳಗಿನಿಂದ ಬಂದ ಎಲ್ಲ ಸಿಟ್ಟುಗಳಿಗಿಂತ ದೊಡ್ಡದಾಗಿತ್ತು, ಅದಕ್ಕೆ ಹೋಗಲು ಒಂದು ವಿಳಾಸವೂ ಉಳಿದಿರಲಿಲ್ಲ. ಒಂಬತ್ತು ವರ್ಷದವಳಿಗೆ ನಾಲ್ಕರಲ್ಲಿ ನಿಲ್ಲಿಸುವುದು ಗೊತ್ತಿತ್ತು. ಯಾರೂ ಕಲಿಸದೆ. ಅವನು ಬಗ್ಗಿ ನೆಲದ ಮೇಲೆ ಬಿದ್ದಿದ್ದ ಹಳದಿ ಚೀಟಿಗಳನ್ನು ಆರಿಸಿ, ಕೆಂಪು ಗೆರೆಗಳ ಹಾಳೆಯ ಜೊತೆ ಜೇಬಿಗೆ ತುರುಕಿಕೊಂಡ. ಪುಸ್ತಕ ಎತ್ತಿದಾಗ ಯಾವ ಪುಟವೆಂದು ತಿಳಿಯಲಿಲ್ಲ. ಮೊದಲ ಬೆಂಚಿನಿಂದ ಮಾಂತುವೇ ಮೆಲ್ಲಗೆ, ಹನ್ನೊಂದ್ರಿ ಎಂದ. ಹನ್ನೊಂದು. ಬೆರಳಿಟ್ಟು ಸಾಲು ಹುಡುಕಿದ. ಬೆರಳಿನಲ್ಲಿ ಇನ್ನೂ ಚಟ್ನಿಯ ವಾಸನೆಯಿತ್ತು.

"ಯಜಮಾನ ಮೂರು ಸಲ ಕೂಗಿದ," ಎಂದು ಓದಿದ, ತಡೆದು ಮತ್ತೆ ಓದಿದ. "ಎಮ್ಮೆ ಏಳಲಿಲ್ಲ."

ಕಾರಣ ಮುಂದಿನ ಪುಟದಲ್ಲಿತ್ತು. ಯಾರ ಮುಖವನ್ನೂ ನೋಡದೆ ಅವನು ಪುಟ ತಿರುಗಿಸಿದ.